ಬ್ಯಾಂಕು ಗೇಟಿಗೆ ನೋಟಿಸ್ ಅಂಟಿಸಿದ ಮೇಲೆ: ಸ್ಟೇ ಎಲ್ಲಿ ಸಿಗುತ್ತದೆ, ಹೇಗೆ ಕೇಳಬೇಕು?

"ಸರ್, ಬ್ಯಾಂಕಿನವರು ಗೇಟಿಗೆ ನೋಟಿಸ್ ಅಂಟಿಸಿ ಹೋಗಿದ್ದಾರೆ. ಕೋರ್ಟಿಗೆ ಹೋದರೆ ಸ್ಟೇ ಸಿಗುತ್ತಾ?" ಓದುಗರ ಪತ್ರಗಳಲ್ಲಿ ಈ ಪ್ರಶ್ನೆ ತಪ್ಪುವುದೇ ಇಲ್ಲ. ಕೇಳುವವರಲ್ಲಿ ಗೃಹಸಾಲದ ಕಂತು ತಪ್ಪಿದವರಿದ್ದಾರೆ, ತಮ್ಮನ ವ್ಯಾಪಾರಕ್ಕೆ ಮನೆಪತ್ರ ಕೊಟ್ಟು ಜಾಮೀನು ನಿಂತ ಅಣ್ಣಂದಿರಿದ್ದಾರೆ, ಲಕ್ಷಗಟ್ಟಲೆ ಕೊಟ್ಟು ಲೀಸ್‌ಗೆ ಸೇರಿದ ಮನೆ ಅಡಮಾನದಲ್ಲಿದೆ ಎಂದು ಈಗಷ್ಟೇ ತಿಳಿದವರಿದ್ದಾರೆ. ಎಲ್ಲರಿಗೂ ಹೇಳುವ ಮೊದಲ ಮಾತು ಒಂದೇ. ಸ್ಟೇ ಸಿಗುತ್ತದೆ, ಆದರೆ ಸಾಲ ಕಟ್ಟಲು ಕಷ್ಟವಾಗಿದೆ ಎಂಬ ಕಾರಣಕ್ಕೆ ಅಲ್ಲ. ಬ್ಯಾಂಕು ಕಾನೂನಿನ ಯಾವ ಹೆಜ್ಜೆ ತಪ್ಪಿದೆ ಎಂದು ಬೆರಳಿಟ್ಟು ತೋರಿಸಿದವರಿಗೆ, ಅದೂ ಗಡುವಿನ ಒಳಗೆ ಸರಿಯಾದ ಕಡೆಗೆ ಹೋದವರಿಗೆ ಸಿಗುತ್ತದೆ.

ಈ ಲೇಖನ 2002ರ ಸರ್ಫೇಸಿ ಕಾಯ್ದೆಯ ಬಗ್ಗೆ. ಅಡಮಾನ ಇಟ್ಟ ಆಸ್ತಿಯನ್ನು ಕೋರ್ಟಿಗೆ ಹೋಗದೆಯೇ ವಶಕ್ಕೆ ತೆಗೆದುಕೊಂಡು ಮಾರಲು ಬ್ಯಾಂಕುಗಳಿಗೆ ಅಧಿಕಾರ ಕೊಟ್ಟ ಕಾಯ್ದೆ ಇದು. ಇಷ್ಟು ದೊಡ್ಡ ಅಧಿಕಾರ ಕೊಟ್ಟಿದ್ದರಿಂದಲೇ ಪ್ರತಿ ಹಂತಕ್ಕೂ ದಿನ, ನಮೂನೆ, ಜಾಹೀರಾತು ಎಂದು ಕಟ್ಟುಪಾಡುಗಳನ್ನೂ ಹಾಕಿದೆ. ಅವನ್ನು ಮೀರಿದಾಗ ಬ್ಯಾಂಕನ್ನು ತಡೆಯುವ ಅಧಿಕಾರ ಸಾಲ ವಸೂಲಾತಿ ನ್ಯಾಯಮಂಡಳಿಗೆ, ಅಂದರೆ ಎಲ್ಲರೂ ಡಿಆರ್‌ಟಿ ಎಂದು ಕರೆಯುವ ಸಂಸ್ಥೆಗೆ ಇದೆ.

1. ನಿಮ್ಮದು ಸರ್ಫೇಸಿ ಪ್ರಕರಣವೇ ನೋಡಿಕೊಳ್ಳಿ

ಸಾಲದ ನೋಟಿಸುಗಳೆಲ್ಲ ಸರ್ಫೇಸಿ ನೋಟಿಸುಗಳಲ್ಲ. ಕಾಗದದ ಮೇಲ್ಭಾಗದಲ್ಲೋ ಮೊದಲ ಪ್ಯಾರಾದಲ್ಲೋ ಆ ಕಾಯ್ದೆಯ ಹೆಸರು ಮತ್ತು "ಸೆಕ್ಷನ್ 13(2)" ಅಥವಾ "13(4)" ಎಂದು ಇರಬೇಕು. ಬ್ಯಾಂಕಿನ ವಕೀಲರು ಕಳಿಸುವ ಸಾಮಾನ್ಯ ಲೀಗಲ್ ನೋಟಿಸ್ ಬೇರೆ, ಚೆಕ್ ಬೌನ್ಸ್ ನೋಟಿಸ್ ಬೇರೆ.

ಬ್ಯಾಂಕುಗಳಿಗೆ, ಗೃಹಸಾಲ ಕಂಪನಿಗಳಿಗೆ ಈ ಅಧಿಕಾರ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದೆ ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2020ರಲ್ಲಿ ತೀರ್ಮಾನಿಸಿತು. ಫೈನಾನ್ಸ್ ಕಂಪನಿಗಳಿಗೆ ಮಿತಿ ಇದೆ: ಕಂಪನಿಯ ಆಸ್ತಿ 100 ಕೋಟಿ ರೂಪಾಯಿಗೆ ಕಡಿಮೆ ಇರಬಾರದು, ಸಾಲ 20 ಲಕ್ಷಕ್ಕೆ ಕಡಿಮೆ ಇರಬಾರದು. ಊರಿನ ಪತ್ತಿನ ಸಹಕಾರ ಸಂಘ ಬ್ಯಾಂಕಲ್ಲ. ಅದು ಹೋಗುವುದು ಸಹಕಾರ ಸಂಘಗಳ ಕಾಯ್ದೆಯ ದಾರಿಯಲ್ಲಿ, ಎಆರ್ (ಸಹಕಾರ ಸಂಘಗಳ ಸಹಾಯಕ ನಿಬಂಧಕರ) ಕಚೇರಿಯ ಕಡೆಗೆ. ಮೈಕ್ರೋಫೈನಾನ್ಸ್ ಕಿರುಕುಳಕ್ಕೆ ಕರ್ನಾಟಕದಲ್ಲಿ 2025ರಲ್ಲಿ ಬಂದ ಕಾನೂನೇ ಬೇರೆ.

ಇನ್ನೂ ಮೂರು ವಿನಾಯಿತಿಗಳು ಸೆಕ್ಷನ್ 31ರಲ್ಲಿವೆ. ಸಾಲ 1 ಲಕ್ಷ ಮೀರದಿದ್ದರೆ ಈ ಕಾಯ್ದೆ ಬಳಸುವಂತಿಲ್ಲ. ಉಳಿದ ಬಾಕಿ ಅಸಲು-ಬಡ್ಡಿಯ ಶೇ. 20ಕ್ಕಿಂತ ಕಡಿಮೆಯಾಗಿದ್ದರೆ ಬಳಸುವಂತಿಲ್ಲ. ಕೃಷಿ ಭೂಮಿಯ ಮೇಲೆ ಬಳಸುವಂತಿಲ್ಲ. ಈ ಕೊನೆಯದನ್ನು ಬಹಳ ಜನ ತಪ್ಪಾಗಿ ಅರ್ಥ ಮಾಡಿಕೊಂಡಿದ್ದಾರೆ. ಪಹಣಿಯಲ್ಲಿ "ಕೃಷಿ" ಎಂದು ಬರೆದಿದ್ದರೆ ಸಾಕು ಎಂದಲ್ಲ, ಆ ಜಮೀನಿನಲ್ಲಿ ನಿಜಕ್ಕೂ ಬೇಸಾಯ ನಡೆಯುತ್ತಿದೆಯೇ ಎಂಬುದನ್ನು ನ್ಯಾಯಾಲಯಗಳು ನೋಡುತ್ತವೆ. ಸಾಲ ಪಡೆಯುವಾಗ ಕೃಷಿಯೇತರ ಎಂದು ಬರೆದುಕೊಟ್ಟು, ಮೇಲೆ ಶೆಡ್ ಕಟ್ಟಿ, ಈಗ ಪಹಣಿ ಹಿಡಿದು ಬಂದರೆ ನಡೆಯುವುದಿಲ್ಲ. ಕಾಫಿ ತೋಟ ಈ ಅರ್ಥದಲ್ಲಿ ಕೃಷಿ ಭೂಮಿಯೇ ಎಂಬ ತಕರಾರು ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರನ್ನು ಬಹುಕಾಲದಿಂದ ಕಾಡುತ್ತಿದೆ. ನೀವು ಬೆಳೆಗಾರರಾಗಿದ್ದರೆ ಈ ಅಂಶವನ್ನು ಮೊದಲ ಉತ್ತರದಲ್ಲೇ ಎತ್ತಿ. ಬೆಳೆ ಸಾಗಣೆಯ ಬಿಲ್ಲು, ಗೊಬ್ಬರದ ರಸೀದಿ, ಫೋಟೊ ಎಲ್ಲವನ್ನೂ ಜೊತೆಗಿಡಿ.

2. ಕೈಯಲ್ಲಿರುವ ಕಾಗದ ಯಾವ ಹಂತದ್ದು ಎಂದು ಗುರುತಿಸಿ

90 ದಿನ ಮೀರಿ ಕಂತು ಬಾಕಿ ಉಳಿದರೆ ಸಾಲ ಎನ್‌ಪಿಎ ಆಗುತ್ತದೆ. ವಸೂಲಿ ನಿಂತುಹೋದ ಸಾಲ ಎಂದು ಬ್ಯಾಂಕು ಲೆಕ್ಕಕ್ಕೆ ಬರೆದುಕೊಳ್ಳುವುದು ಎಂದರ್ಥ. ಆಮೇಲೆ ಬರುವ ಕಾಗದಗಳ ಸಾಲು ಹೀಗಿರುತ್ತದೆ:

- 13(2) ಬೇಡಿಕೆ ನೋಟಿಸ್: 60 ದಿನದಲ್ಲಿ ಪೂರ್ತಿ ಬಾಕಿ ಕಟ್ಟಿ ಎಂದು ಹೇಳುತ್ತದೆ.
- 13(4) ಸ್ವಾಧೀನ ನೋಟಿಸ್: ಗೇಟಿಗೆ, ಬಾಗಿಲಿಗೆ ಅಂಟಿಸುವುದು ಇದನ್ನೇ. ಬಹುತೇಕ ಇದು "ಸಾಂಕೇತಿಕ ಸ್ವಾಧೀನ". ಕಾಗದದ ಮೇಲೆ ಆಸ್ತಿ ಬ್ಯಾಂಕಿನ ವಶದಲ್ಲಿ, ಮನೆಯೊಳಗೆ ನೀವೇ ಇರುತ್ತೀರಿ.
- ಸೆಕ್ಷನ್ 14ರ ಆದೇಶ: ನಿಮ್ಮನ್ನು ಹೊರಗೆ ಕಳಿಸಿ ಬೀಗ ಹಾಕಲು ಜಿಲ್ಲಾಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಕೊಡುವ ಆದೇಶ.
- ಹರಾಜು ನೋಟಿಸ್.

ಒಂದು ಎಚ್ಚರಿಕೆ. ಪೋಸ್ಟ್‌ಮ್ಯಾನ್ ತಂದ ರಿಜಿಸ್ಟರ್ಡ್ ಕಾಗದವನ್ನು "ಇಲ್ಲಿ ಯಾರೂ ಇಲ್ಲ" ಎಂದು ವಾಪಸ್ ಕಳಿಸಿದರೆ ನೋಟಿಸ್ ತಲುಪಿಲ್ಲ ಎಂದು ವಾದಿಸಬಹುದು ಎಂಬ ನಂಬಿಕೆ ಹಳ್ಳಿಯಿಂದ ಬೆಂಗಳೂರಿನವರೆಗೂ ಇದೆ. ಸರಿಯಾದ ವಿಳಾಸಕ್ಕೆ ಬಂದ ಕಾಗದವನ್ನು ನಿರಾಕರಿಸಿದರೆ ಕಾನೂನು ಅದನ್ನು ತಲುಪಿದೆ ಎಂದೇ ಎಣಿಸುತ್ತದೆ. ನಷ್ಟ ನಿಮಗೇ, ಏಕೆಂದರೆ ಒಳಗೆ ಏನಿತ್ತೆಂದು ನಿಮಗೆ ಗೊತ್ತಿರುವುದಿಲ್ಲ. ಸಹಿ ಹಾಕಿ ತೆಗೆದುಕೊಳ್ಳಿ, ಲಕೋಟೆಯ ಮೇಲಿನ ಅಂಚೆ ಮುದ್ರೆ ಕಾಣುವಂತೆ ಅದನ್ನೂ ಜೋಪಾನ ಮಾಡಿ. ಗೇಟಿಗೆ ಅಂಟಿಸಿದ್ದನ್ನು ಕೀಳುವ ಮೊದಲು ಮೊಬೈಲಿನಲ್ಲಿ ಫೋಟೊ ತೆಗೆಯಿರಿ. ದಿನಾಂಕದ ಜಗಳ ಬಂದಾಗ ಇದು ಬೇಕಾಗುತ್ತದೆ.

3. ಬೇಡಿಕೆ ನೋಟಿಸಿಗೆ ಲಿಖಿತ ಆಕ್ಷೇಪಣೆ ಕೊಡಿ

60 ದಿನ ಸುಮ್ಮನೆ ಕೂರುವುದು ಜನ ಮಾಡುವ ಅತಿ ದೊಡ್ಡ ತಪ್ಪು. ಈ ಹಂತದಲ್ಲಿ ಡಿಆರ್‌ಟಿಗೆ ಹೋಗಲು ಬರುವುದಿಲ್ಲ, ನಿಜ. 13(2) ನೋಟಿಸನ್ನಷ್ಟೇ ಪ್ರಶ್ನಿಸಿ ಅರ್ಜಿ ಹಾಕಿದರೆ ಅದು ನಿಲ್ಲುವುದಿಲ್ಲ. ಆದರೆ 13(3ಎ) ಎಂಬ ಉಪವಿಧಿ ನಿಮಗೆ ಆಕ್ಷೇಪಣೆ ಸಲ್ಲಿಸುವ ಹಕ್ಕು ಕೊಟ್ಟಿದೆ. ಒಪ್ಪದಿದ್ದರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರ ಕೊಡಲೇಬೇಕು. 2004ರ ಮಾರ್ಡಿಯಾ ಕೆಮಿಕಲ್ಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಾಲಗಾರನ ಮಾತು ಕೇಳದೆ ಮುಂದುವರಿಯುವುದು ಸರಿಯಲ್ಲ ಎಂದ ಮೇಲೆ ಸೇರಿಸಿದ ಉಪವಿಧಿ ಇದು.

ಆಕ್ಷೇಪಣೆಯಲ್ಲಿ ಕಷ್ಟದ ಕಥೆ ಒಂದು ಪ್ಯಾರಾ ಸಾಕು. ಉಳಿದದ್ದು ಲೆಕ್ಕ: ಯಾವ ಕಂತು ಜಮಾ ಆಗಿಲ್ಲ, ಯಾವ ದಂಡದ ಬಡ್ಡಿ ಹೆಚ್ಚಾಗಿದೆ, ಎನ್‌ಪಿಎ ಎಂದು ಬರೆದ ದಿನ ನಿಜಕ್ಕೂ 90 ದಿನ ಆಗಿತ್ತೇ, ಆಸ್ತಿಯ ಚೆಕ್ಕುಬಂದಿ ಸರಿಯಾಗಿದೆಯೇ. ನೋಟಿಸಿನಲ್ಲಿ ಬಾಕಿಯ ವಿವರ ಮತ್ತು ಆಸ್ತಿಯ ವಿವರ ಎರಡೂ ಇರಲೇಬೇಕು. ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ಇಮೇಲ್ ಕೂಡ ಮಾಡಿ. ಶಾಖೆಯಲ್ಲಿ ಕೈಗೆ ಕೊಟ್ಟರೆ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಎದ್ದು ಬರಬೇಡಿ. ಮ್ಯಾನೇಜರ್ "ನೋಡೋಣ ಬಿಡಿ, ನಾನು ಮೇಲೆ ಮಾತಾಡ್ತೀನಿ" ಎಂದದ್ದಕ್ಕೆ ದಾಖಲೆ ಇರುವುದಿಲ್ಲ.

ಇನ್ನೊಂದು ಸಂಗತಿ. ಈ ನೋಟಿಸ್ ಬಂದ ಮೇಲೆ ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ಆಸ್ತಿಯನ್ನು ಮಾರುವಂತಿಲ್ಲ, ಭೋಗ್ಯಕ್ಕೆ ಕೊಡುವಂತಿಲ್ಲ. ಭಾವನ ಹೆಸರಿಗೆ ಕ್ರಯಪತ್ರ ಮಾಡಿಟ್ಟುಬಿಡೋಣ ಎಂಬ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಅದು ಶಿಕ್ಷಾರ್ಹ ಕೂಡ.

4. ಬ್ಯಾಂಕಿನ ತಪ್ಪು ಹುಡುಕಿ

ಅರ್ಜಿಯ ಜೀವಾಳ ಇದೇ. ವಕೀಲರ ಬಳಿ ಹೋಗುವ ಮೊದಲು ನೀವೇ ಒಂದು ಹಾಳೆಯಲ್ಲಿ ದಿನಾಂಕಗಳನ್ನು ಬರೆದು ನೋಡಿ. ಅವರ ಸಮಯ ಉಳಿಯುತ್ತದೆ, ನಿಮ್ಮ ದುಡ್ಡೂ ಉಳಿಯುತ್ತದೆ.

13(2) ನೋಟಿಸಿನಿಂದ 60 ದಿನ ತುಂಬುವ ಮೊದಲೇ ಸ್ವಾಧೀನ ನೋಟಿಸ್ ಅಂಟಿಸಿದ್ದಾರೆಯೇ? ನಿಮ್ಮ ಆಕ್ಷೇಪಣೆಗೆ ಉತ್ತರ ಬಂದಿದೆಯೇ? ಸ್ವಾಧೀನ ನೋಟಿಸನ್ನು ನಿಮಗೆ ಕೊಟ್ಟು, ಆಸ್ತಿಯ ಮೇಲೂ ಅಂಟಿಸಿ, 7 ದಿನದೊಳಗೆ ಎರಡು ಪ್ರಮುಖ ಪತ್ರಿಕೆಗಳಲ್ಲಿ ಪ್ರಕಟಿಸಬೇಕು. ಅವುಗಳಲ್ಲಿ ಒಂದು ಆ ಊರಿನಲ್ಲಿ ಓಡಾಡುವ ಸ್ಥಳೀಯ ಭಾಷೆಯ ಪತ್ರಿಕೆಯಾಗಿರಬೇಕು. ತುಮಕೂರಿನ ಆಸ್ತಿಗೆ ಎರಡೂ ಇಂಗ್ಲಿಷ್ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟಿದ್ದರೆ ಅದು ನಿಮ್ಮ ಕೈಗೆ ಸಿಕ್ಕ ಅಂಶ. ನೋಟಿಸಿಗೆ ಸಹಿ ಹಾಕಿದವರು "ಅಧಿಕೃತ ಅಧಿಕಾರಿ"ಯೇ, ಅಂದರೆ ಈ ಕಾಯ್ದೆಯ ಕೆಲಸಕ್ಕೆ ಬ್ಯಾಂಕು ಅಧಿಕಾರ ಕೊಟ್ಟವರೇ ಎಂದೂ ನೋಡಿ.

ಹರಾಜಿಗೆ ಮೊದಲು ಅನುಮೋದಿತ ಮೌಲ್ಯಮಾಪಕರಿಂದ ಬೆಲೆ ಕಟ್ಟಿಸಿ ಕನಿಷ್ಠ ಬೆಲೆ ನಿಗದಿ ಮಾಡಬೇಕು. ಸಾಲಗಾರನಿಗೆ 30 ದಿನಗಳ ನೋಟಿಸ್ ಕೊಡಬೇಕು. ಮೊದಲ ಹರಾಜು ವಿಫಲವಾಗಿ ಮರು ಹರಾಜು ಕರೆದರೆ 15 ದಿನ ಸಾಕು. ಈ 30 ದಿನ ಬರೀ ನಿಯಮದ ಶಾಸ್ತ್ರಕ್ಕೆ ಇರುವುದಲ್ಲ, ಸಾಲಗಾರ ತನ್ನ ಆಸ್ತಿಯನ್ನು ಉಳಿಸಿಕೊಳ್ಳಲು ಕೊಟ್ಟ ಕೊನೆಯ ಅವಕಾಶ ಎಂಬ ದೃಷ್ಟಿಯಿಂದ ಸುಪ್ರೀಂ ಕೋರ್ಟ್ 2014ರ ತೀರ್ಪೊಂದರಲ್ಲಿ ಅದನ್ನು ಕಟ್ಟುನಿಟ್ಟಾಗಿ ಓದಿದೆ (ಹಣ ಕಟ್ಟಿ ಬಿಡಿಸಿಕೊಳ್ಳುವ ಗಡುವು ಮಾತ್ರ ಆಮೇಲೆ ಬದಲಾಗಿದೆ, 10ನೇ ಭಾಗ ನೋಡಿ).

ಬಹಳ ಜನ ನೋಡದೆ ಬಿಡುವುದು ಸರ್ಸಾಯ್ ನೋಂದಣಿ. ಅಡಮಾನಗಳ ಕೇಂದ್ರ ನೋಂದಣಿ ಪಟ್ಟಿ ಅದು. 2020ರ ಜನವರಿ 24ರಿಂದ ಜಾರಿಗೆ ಬಂದ ಸೆಕ್ಷನ್ 26ಡಿ ಪ್ರಕಾರ, ಅಡಮಾನವನ್ನು ಅಲ್ಲಿ ನೋಂದಾಯಿಸದ ಬ್ಯಾಂಕು ಸರ್ಫೇಸಿ ಅಧಿಕಾರ ಬಳಸುವಂತಿಲ್ಲ. ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಆನ್‌ಲೈನಿನಲ್ಲಿ ಹುಡುಕಬಹುದು.

ಆದರೆ ಸಣ್ಣ ತಪ್ಪುಗಳಿಂದ ದೊಡ್ಡ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಹೆಸರಿನ ಒಂದು ಅಕ್ಷರ ತಪ್ಪಿದೆ, ಇನಿಷಿಯಲ್ ಬಿಟ್ಟಿದ್ದಾರೆ ಎಂಬ ವಾದಗಳಿಗೆ ನ್ಯಾಯಮಂಡಳಿ ಕಿವಿಗೊಡುವುದು ಕಡಿಮೆ. ಆ ತಪ್ಪಿನಿಂದ ನಿಮಗೆ ಏನು ತೊಂದರೆಯಾಯಿತು ಎಂಬ ಪ್ರಶ್ನೆ ಬಂದೇ ಬರುತ್ತದೆ. ಉತ್ತರ ಸಿದ್ಧವಿರಲಿ.

5. ಸರಿಯಾದ ಬಾಗಿಲು ತಟ್ಟಿ

ತಾಲ್ಲೂಕಿನ ಸಿವಿಲ್ ಕೋರ್ಟಿನಲ್ಲಿ ಇಂಜಂಕ್ಷನ್ ದಾವೆ ಹಾಕಿ ದುಡ್ಡು, ಸಮಯ ಎರಡನ್ನೂ ಕಳೆದುಕೊಂಡವರ ಪತ್ರಗಳು ಬರುತ್ತಲೇ ಇರುತ್ತವೆ. ಸೆಕ್ಷನ್ 34 ಸ್ಪಷ್ಟವಾಗಿದೆ: ಡಿಆರ್‌ಟಿ ತೀರ್ಮಾನಿಸಬಹುದಾದ ವಿಷಯದಲ್ಲಿ ಸಿವಿಲ್ ಕೋರ್ಟ್ ಕೈಹಾಕುವಂತಿಲ್ಲ, ತಡೆಯಾಜ್ಞೆಯನ್ನೂ ಕೊಡುವಂತಿಲ್ಲ. ದಾವೆ ವಜಾ ಆಗುವಷ್ಟರಲ್ಲಿ ಡಿಆರ್‌ಟಿಯ ಗಡುವು ಮುಗಿದಿರುತ್ತದೆ. ತಂಗಿಯ ಕೈಲಿ ಪಾಲು ವಿಭಾಗದ ದಾವೆ ಹಾಕಿಸಿ ಹರಾಜು ನಿಲ್ಲಿಸುವ ಉಪಾಯವೂ ಹಳೆಯದು, ಅದರ ಹಿಂದೆ ಯಾರಿದ್ದಾರೆಂದು ನ್ಯಾಯಾಲಯಗಳಿಗೆ ಗೊತ್ತಾಗುತ್ತದೆ. ನಿಜಕ್ಕೂ ಮೂರನೆಯವರ ಆಸ್ತಿಯನ್ನು ಸಾಲಗಾರ ತನ್ನದೆಂದು ಅಡವಿಟ್ಟಿದ್ದರೆ ಮಾತ್ರ ವಿಷಯ ಬೇರೆ. ಹಕ್ಕುದಾರಿಕೆಯನ್ನೇ ತೀರ್ಮಾನಿಸಬೇಕಾದಲ್ಲಿ ಸಿವಿಲ್ ದಾವೆಗೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2025ರ ಜನವರಿಯಲ್ಲಿ ಸೆಂಟ್ರಲ್ ಬ್ಯಾಂಕ್ ಆಫ್ ಇಂಡಿಯಾ ಪ್ರಕರಣದಲ್ಲಿ ಹೇಳಿದೆ.

ಹೈಕೋರ್ಟಿಗೆ ರಿಟ್ ಹಾಕಬಹುದೇ? ಹೈಕೋರ್ಟಿನ ಅಧಿಕಾರವನ್ನು ಯಾವ ಕಾಯ್ದೆಯೂ ಕಿತ್ತುಕೊಳ್ಳಲಾರದು. ಹಾಗಿದ್ದರೂ ಡಿಆರ್‌ಟಿ ಇರುವಾಗ ಇಂಥ ರಿಟ್ ಅರ್ಜಿಗಳನ್ನು ಸುಲಭಕ್ಕೆ ಎತ್ತಿಕೊಳ್ಳಬೇಡಿ ಎಂದು ಸುಪ್ರೀಂ ಕೋರ್ಟ್ 2010ರ ಯುನೈಟೆಡ್ ಬ್ಯಾಂಕ್ ಆಫ್ ಇಂಡಿಯಾ ಪ್ರಕರಣದಿಂದ 2023ರ ಸೌತ್ ಇಂಡಿಯನ್ ಬ್ಯಾಂಕ್ ಪ್ರಕರಣದವರೆಗೆ ಮತ್ತೆ ಮತ್ತೆ ಹೇಳಿದೆ. ಡಿಆರ್‌ಟಿಯಲ್ಲಿ ಪೀಠಾಧಿಕಾರಿಯೇ ಇಲ್ಲದಿದ್ದಾಗ, ಬ್ಯಾಂಕಿಗೆ ಮೂಲದಲ್ಲೇ ಅಧಿಕಾರ ಇಲ್ಲದಿದ್ದಾಗ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದ ಮುಂದೆ ಹೋಗಲು ಕಾರಣ ಸಿಗುತ್ತದೆ. ಇಲ್ಲದಿದ್ದರೆ "ಡಿಆರ್‌ಟಿಗೆ ಹೋಗಿ" ಎಂಬ ಒಂದು ಸಾಲಿನ ಆದೇಶ ಹಿಡಿದು ವಾಪಸ್ ಬರುತ್ತೀರಿ.

ಕರ್ನಾಟಕದವರಿಗೆ ಡಿಆರ್‌ಟಿ ಇರುವುದು ಬೆಂಗಳೂರಿನಲ್ಲಿ. ಬೀದರಿನವರೂ ಅಲ್ಲಿಗೇ ಬರಬೇಕು. ಇದು ಈ ವ್ಯವಸ್ಥೆಯ ದೊಡ್ಡ ಕೊರತೆ ಎಂದೇ ನನ್ನ ಅನಿಸಿಕೆ. ಇ-ಫೈಲಿಂಗ್ ಬಂದ ಮೇಲೆ ಓಡಾಟ ಒಂದಿಷ್ಟು ತಗ್ಗಿದೆ ಅಷ್ಟೆ.

6. 45 ದಿನದೊಳಗೆ ಸೆಕ್ಷನ್ 17ರ ಅರ್ಜಿ ಹಾಕಿ

ವಕೀಲರು ಇದನ್ನು "ಎಸ್‌ಎ" ಎನ್ನುತ್ತಾರೆ. ಬ್ಯಾಂಕು 13(4)ರ ಕ್ರಮ ತೆಗೆದುಕೊಂಡ ದಿನದಿಂದ 45 ದಿನ ಇದರ ಗಡುವು. ಸ್ವಾಧೀನ ನೋಟಿಸ್ ಮಾರ್ಚ್ 3ರಂದು ಅಂಟಿಸಿದ್ದರೆ ಕೊನೆಯ ದಿನ ಏಪ್ರಿಲ್ 17. ಸಾಂಕೇತಿಕ ಸ್ವಾಧೀನ ತಾನೇ, ಬೀಗ ಹಾಕಲು ಬಂದಾಗ ನೋಡೋಣ ಎಂದು ಕಾಯಬೇಡಿ. ಸಾಂಕೇತಿಕ ಸ್ವಾಧೀನದ ಹಂತದಲ್ಲೇ ಅರ್ಜಿ ಹಾಕಬಹುದು ಎಂದು 2018ರ ಹಿಂಡನ್ ಫೋರ್ಜ್ ತೀರ್ಪು ಹೇಳಿದೆ. ಅಂದರೆ ಗಡಿಯಾರವೂ ಆಗಲೇ ಓಡಲು ಶುರುವಾಗಿರುತ್ತದೆ.

ಅರ್ಜಿ ಇಂಗ್ಲಿಷಿನಲ್ಲಿರಬೇಕು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಕ್ರಯಪತ್ರ, ಪಹಣಿ ಇದ್ದರೆ ಅನುವಾದಕ್ಕೇ ನಾಲ್ಕಾರು ದಿನ ಹೋಗುತ್ತದೆ. ಜೊತೆಗೆ ಬೇಕಾದವು: ಸಾಲದ ಮಂಜೂರಾತಿ ಪತ್ರ, ಪೂರ್ತಿ ಅವಧಿಯ ಖಾತೆ ಸ್ಟೇಟ್‌ಮೆಂಟ್, ಬಂದ ಎಲ್ಲ ನೋಟಿಸುಗಳು ಲಕೋಟೆ ಸಹಿತ, ನಿಮ್ಮ ಆಕ್ಷೇಪಣೆ ಮತ್ತು ಅದರ ರಸೀದಿ, ಪತ್ರಿಕೆಯ ತುಣುಕುಗಳು, ಇತ್ತೀಚಿನ ಇಸಿ (ಋಣಭಾರ ಪ್ರಮಾಣಪತ್ರ).

ಶುಲ್ಕದ ಲೆಕ್ಕ ಕೇಳುವವರು ಬಹಳ. ಅರ್ಜಿದಾರ ಸಾಲಗಾರನಾಗಿದ್ದು ಬಾಕಿ 10 ಲಕ್ಷಕ್ಕಿಂತ ಕಡಿಮೆ ಇದ್ದರೆ ಪ್ರತಿ ಲಕ್ಷಕ್ಕೆ 500 ರೂಪಾಯಿ. 10 ಲಕ್ಷ ಮತ್ತು ಮೇಲಾದರೆ 5,000 ರೂಪಾಯಿ, ಜೊತೆಗೆ 10 ಲಕ್ಷದ ಮೇಲಿನ ಪ್ರತಿ ಲಕ್ಷಕ್ಕೆ 250. ಗರಿಷ್ಠ 1 ಲಕ್ಷ. ಹೀಗಾಗಿ 32 ಲಕ್ಷ ಬಾಕಿಗೆ 5,000 ಮತ್ತು 5,500 ಸೇರಿ 10,500 ರೂಪಾಯಿ. ಸಾಲಗಾರನಲ್ಲದ ಬಾಡಿಗೆದಾರ ಅಥವಾ ಬೇರೆ ಬಾಧಿತರಿಗೆ ಇದಕ್ಕಿಂತ ಕಡಿಮೆ: ಅದೇ 32 ಲಕ್ಷಕ್ಕೆ 4,000. ಸ್ವಂತ ಆಸ್ತಿ ಅಡವಿಟ್ಟ ಜಾಮೀನುದಾರರನ್ನು ಕಾಯ್ದೆ ಸಾಲಗಾರರ ಸಾಲಿಗೇ ಸೇರಿಸುತ್ತದೆ. ಅರ್ಜಿಯಲ್ಲಿ ಖುದ್ದು ವಾದಿಸಲು ಅವಕಾಶ ಇದೆ. ಆದರೆ ಸ್ಟೇ ಕೇಳುವ ಅರ್ಜಿಗೆ ಇದನ್ನು ನಾನು ಸಲಹೆ ಮಾಡುವುದಿಲ್ಲ. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಕಡಿಮೆ ಆದಾಯದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರನ್ನು ಕೇಳಬಹುದು. ನ್ಯಾಯಮಂಡಳಿಯ ಪ್ರಕರಣಗಳೂ ಅದರ ವ್ಯಾಪ್ತಿಗೆ ಬರುತ್ತವೆ.

7. ಸ್ಟೇ ಕೇಳುವಾಗ ಕೈಯಲ್ಲಿ ದುಡ್ಡು ಇರಲಿ

ಮುಖ್ಯ ಅರ್ಜಿ ಹಾಕಿದ ಮಾತ್ರಕ್ಕೆ ಬ್ಯಾಂಕಿನ ಕ್ರಮ ನಿಲ್ಲುವುದಿಲ್ಲ. ಮಧ್ಯಂತರ ತಡೆಯಾಜ್ಞೆಗೆ "ಐಎ" ಎಂದು ಕರೆಯುವ ಪ್ರತ್ಯೇಕ ಅರ್ಜಿ ಬೇಕು. ಬ್ಯಾಂಕು ಮೊದಲೇ ಕೇವಿಯಟ್ ಹಾಕಿಟ್ಟಿರಬಹುದು. ನಮ್ಮ ಮಾತು ಕೇಳದೆ ಆದೇಶ ಮಾಡಬೇಡಿ ಎಂಬ ಮುನ್ಸೂಚನೆ ಅದು. ಹಾಗಿದ್ದರೆ ಬೆಳಿಗ್ಗೆ ಅರ್ಜಿ, ಸಂಜೆ ಸ್ಟೇ ಎಂಬುದು ಆಗದ ಮಾತು. ಹರಾಜಿನ ಹಿಂದಿನ ದಿನ ಓಡಿ ಬರುವವರು ಸಿಕ್ಕಿಬೀಳುವುದು ಇಲ್ಲೇ.

ನ್ಯಾಯಮಂಡಳಿ ನೋಡುವುದು ಮೂರು: ಮೇಲ್ನೋಟಕ್ಕೆ ನಿಮ್ಮ ಪ್ರಕರಣದಲ್ಲಿ ಹುರುಳಿದೆಯೇ, ತಡೆ ಕೊಟ್ಟರೆ ಹಾಗೂ ಕೊಡದಿದ್ದರೆ ಯಾರಿಗೆ ಹೆಚ್ಚು ತೊಂದರೆ, ಆಗುವ ನಷ್ಟವನ್ನು ಆಮೇಲೆ ಹಣದಿಂದ ತುಂಬಿಕೊಡಲು ಸಾಧ್ಯವೇ. ಕಾಯ್ದೆಯಲ್ಲಿ ಬರೆದಿಲ್ಲದ ನಾಲ್ಕನೆಯದೊಂದಿದೆ, ಅದೇ ಬಹಳ ಸಲ ತೀರ್ಮಾನ ಮಾಡುವುದು: "ಎಷ್ಟು ಕಟ್ಟುತ್ತೀರಿ?" ಪೀಠದಿಂದ ಈ ಪ್ರಶ್ನೆ ಬಂದಾಗ ವಕೀಲರು ಹಿಂತಿರುಗಿ ನಿಮ್ಮ ಮುಖ ನೋಡುವಂತಾಗಬಾರದು. ಎಷ್ಟು ಮೊತ್ತ, ಯಾವ ದಿನ, ಎಲ್ಲಿಂದ ಎಂಬುದು ಮೊದಲೇ ಮಾತಾಗಿರಲಿ. ಒಂದು ಡಿಡಿ ತೋರಿಸಿದರೆ ಹತ್ತು ಪುಟದ ವಾದಕ್ಕಿಂತ ಹೆಚ್ಚು ಕೆಲಸ ಮಾಡುತ್ತದೆ.

ಸಿಗುವ ಆದೇಶವೂ ಬಹುಪಾಲು ಷರತ್ತಿನದ್ದು. ಇಂತಿಷ್ಟು ವಾರದಲ್ಲಿ ಇಷ್ಟು ಮೊತ್ತ ಕಟ್ಟಿ, ಅಲ್ಲಿಯವರೆಗೆ ಬ್ಯಾಂಕು ಮುಂದುವರಿಯಬಾರದು, ತಪ್ಪಿದರೆ ತಡೆ ತಾನಾಗಿಯೇ ರದ್ದು ಎಂದು ಇರುತ್ತದೆ. ಎರಡನೇ ಕಂತು ಮೂರು ದಿನ ತಡವಾದರೂ ರಕ್ಷಣೆ ಹೋಗುತ್ತದೆ. ಸಾಲದ ಕಂತು ತಪ್ಪಿದವರು ಸ್ಟೇ ಕಂತನ್ನೂ ತಪ್ಪಿಸಿದರೆ ಎರಡನೇ ಸಲ ದಯೆ ಸಿಗುವುದು ಕಷ್ಟ, ಆದ್ದರಿಂದ ಆಗುವಷ್ಟನ್ನೇ ಒಪ್ಪಿಕೊಳ್ಳಿ.

ಅಂತಿಮ ವಿಚಾರಣೆ 60 ದಿನದಲ್ಲಿ, ಹೆಚ್ಚೆಂದರೆ 4 ತಿಂಗಳಲ್ಲಿ ಮುಗಿಯಬೇಕೆಂದು ಕಾಯ್ದೆ ಹೇಳುತ್ತದೆ. ವಾಸ್ತವದಲ್ಲಿ ಅದಕ್ಕಿಂತ ಎಳೆಯುತ್ತದೆ. ಬ್ಯಾಂಕಿನ ಕ್ರಮ ಕಾನೂನುಬಾಹಿರ ಎಂದು ಕಂಡರೆ ಡಿಆರ್‌ಟಿ ಅದನ್ನು ಅಸಿಂಧುಗೊಳಿಸಬಹುದು, ಬೀಗ ಹಾಕಿದ ಮನೆಯನ್ನು ವಾಪಸ್ ಕೊಡಿಸಬಹುದು, ಪರಿಹಾರ ಮತ್ತು ಖರ್ಚನ್ನೂ ಕೊಡಿಸಬಹುದು. ಸಾಲ ಮಾತ್ರ ಮನ್ನಾ ಆಗುವುದಿಲ್ಲ. ಬ್ಯಾಂಕು ತಪ್ಪಿದ ಹಂತದಿಂದ ಮತ್ತೆ ಸರಿಯಾಗಿ ಶುರು ಮಾಡಬಹುದು. ಗೆದ್ದೆವೆಂದು ಪಟಾಕಿ ಹೊಡೆದು ಸುಮ್ಮನಾದವರಿಗೆ ಕೆಲವೇ ತಿಂಗಳಲ್ಲಿ ಹೊಸ 13(2) ನೋಟಿಸ್ ಬಂದಿರುತ್ತದೆ.

8. ಬೀಗ ಹಾಕಲು ಬಂದರೆ

ನೀವಾಗಿ ಬಿಟ್ಟುಕೊಡದಿದ್ದರೆ ಬ್ಯಾಂಕು ಸೆಕ್ಷನ್ 14ರಡಿ ಡಿಸಿ ಅಥವಾ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್ ಬಳಿ ಹೋಗುತ್ತದೆ. ಒಂಬತ್ತು ಅಂಶಗಳ ಪ್ರಮಾಣಪತ್ರ ಸಲ್ಲಿಸಬೇಕು, ಆದೇಶ 30 ದಿನದಲ್ಲಿ, ಕಾರಣ ಬರೆದು ಒಟ್ಟು 60 ದಿನದೊಳಗೆ ಆಗಬೇಕು. ಅಲ್ಲಿ ಸಾಲಗಾರನ ವಾದ ಕೇಳುವ ಪದ್ಧತಿ ಇಲ್ಲ. ನಿಮ್ಮ ವಾದಕ್ಕೆ ಜಾಗ ಡಿಆರ್‌ಟಿಯೇ.

ಬ್ಯಾಂಕಿನ ಏಜೆಂಟರು ಬರೀ ಐಡಿ ಕಾರ್ಡ್ ಹಿಡಿದು ಬಂದು ಹೊರಗೆ ನಡೆಯಿರಿ ಎಂದರೆ ಆದೇಶದ ಪ್ರತಿ ಕೇಳಿ. ಬಲವಂತಕ್ಕೆ ಇಳಿದರೆ 112ಕ್ಕೆ ಕರೆ ಮಾಡಿ, ವಿಡಿಯೊ ಮಾಡಿ. ವಸೂಲಿ ಕರೆಗಳು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಬರಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದನ್ನು ಮೀರಿದರೆ ಮೊದಲು ಬ್ಯಾಂಕಿಗೆ ದೂರು ಕೊಡಿ, 30 ದಿನದಲ್ಲಿ ಪರಿಹಾರ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಬರೆಯಿರಿ. ಓಂಬುಡ್ಸ್‌ಮನ್ ದೂರಿನಿಂದ ಹರಾಜು ನಿಲ್ಲುತ್ತದೆ ಎಂದು ಮಾತ್ರ ತಿಳಿಯಬೇಡಿ.

ಕೋರ್ಟ್ ಕಮಿಷನರೋ ತಹಶೀಲ್ದಾರರೋ ಪೊಲೀಸರೊಂದಿಗೆ ಆದೇಶ ಹಿಡಿದು ಬಂದಿದ್ದರೆ ತಡೆಯಲು ಹೋಗಬೇಡಿ. ಔಷಧಿ, ಮಕ್ಕಳ ಪುಸ್ತಕ-ಅಂಕಪಟ್ಟಿ, ಒಡವೆ, ಪ್ರಕರಣದ ಫೈಲು ಮೊದಲು ಹೊರಗೆ ಬರಲಿ. ಒಳಗೆ ಉಳಿದ ಸಾಮಾನಿನ ಪಟ್ಟಿ ಮಾಡಿಸಿ ಮಹಜರಿನ ಪ್ರತಿ ಪಡೆಯಿರಿ. ಸೀಲು ಮಾಡಿದ ಬೀಗವನ್ನು ಮಾರನೇ ದಿನ ಒಡೆದು ಒಳಗೆ ಹೋದರೆ ಸಿವಿಲ್ ಸಾಲ ಕ್ರಿಮಿನಲ್ ಕೇಸಾಗುತ್ತದೆ.

9. ಬಾಡಿಗೆದಾರರು, ಲೀಸ್‌ನವರು

ಬೆಂಗಳೂರಿನಲ್ಲಿ ಇದೊಂದು ದೊಡ್ಡ ಗೋಳು. ಹದಿನೈದು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಲೀಸ್ ಹಾಕಿಕೊಂಡಿರುತ್ತಾರೆ, ಮಾಲೀಕ ಬ್ಯಾಂಕಿಗೆ ಕಂತು ಕಟ್ಟಿರುವುದಿಲ್ಲ. 2016ರ ತಿದ್ದುಪಡಿಯ ನಂತರ ಬಾಡಿಗೆದಾರರೂ ಡಿಆರ್‌ಟಿಗೆ ನೇರವಾಗಿ ಹೋಗಬಹುದು. ಅಲ್ಲಿ ಪರಿಶೀಲಿಸುವುದು: ಕರಾರಿನ ಅವಧಿ ಮುಗಿದಿದೆಯೇ, ಅದು ಅಡಮಾನದ ಷರತ್ತಿಗೆ ವಿರುದ್ಧವೇ, 13(2) ನೋಟಿಸ್ ಬಂದ ಮೇಲೆ ಹುಟ್ಟಿದ ಕರಾರೇ. ಗೃಹಸಾಲದ ಪತ್ರದಲ್ಲಿ ಬ್ಯಾಂಕಿನ ಒಪ್ಪಿಗೆ ಇಲ್ಲದೆ ಬಾಡಿಗೆಗೆ ಕೊಡುವಂತಿಲ್ಲ ಎಂಬ ಷರತ್ತು ಇದ್ದರೆ ಬಾಡಿಗೆದಾರನ ವಾದ ಅಲ್ಲೇ ಸೊರಗುತ್ತದೆ. ಛಾಪಾ ಕಾಗದದ ಮೇಲೆ ಬರೆದು ನೋಂದಣಿ ಮಾಡಿಸದ ಲೀಸ್ ಕರಾರು ಒಂದು ವರ್ಷದಾಚೆಗೆ ರಕ್ಷಣೆ ಕೊಡುವುದಿಲ್ಲ. ಕೊಟ್ಟ ಹಣವನ್ನು ಮಾಲೀಕನಿಂದಲೇ ವಸೂಲು ಮಾಡಬೇಕು, ಬ್ಯಾಂಕು ಅದಕ್ಕೆ ಹೊಣೆಯಲ್ಲ.

ಇನ್ನೂ ಲೀಸ್ ಹಣ ಕೊಡದವರು ದಯವಿಟ್ಟು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ ತೆಗೆದು, ಸರ್ಸಾಯ್‌ನಲ್ಲಿ ಹುಡುಕಿ ಆಮೇಲೆ ಮುಂಗಡ ಕೊಡಿ.

10. ಹರಾಜು ಪ್ರಕಟವಾದ ಮೇಲೆ

ಪೂರ್ತಿ ಬಾಕಿ ಕಟ್ಟಿ ಆಸ್ತಿ ಬಿಡಿಸಿಕೊಳ್ಳುವ ಹಕ್ಕು ಎಲ್ಲಿಯವರೆಗೆ? ಹರಾಜು ದಿನದವರೆಗೆ ಎಂದು ನಂಬಿದವರೇ ಹೆಚ್ಚು. 2016ರ ತಿದ್ದುಪಡಿಯ ನಂತರ ಹಾಗಿಲ್ಲ. ಹರಾಜಿನ ನೋಟಿಸ್ ಪ್ರಕಟವಾಗುವ ಮೊದಲೇ ಹಣ ಕಟ್ಟಬೇಕು. 2023ರ ಬಾಫ್ನಾ ಮೋಟಾರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಕಟ್ಟುನಿಟ್ಟಾಗಿ ಎತ್ತಿಹಿಡಿದಿದೆ. ಹರಾಜಾದ ಮೇಲೆ ಸಾಲಗಾರ ಪೂರ್ತಿ ಹಣ ಕಟ್ಟಲು ಬಂದರೂ ಬಿಡ್ ಗೆದ್ದವರ ಹಕ್ಕೇ ಮೇಲಾಯಿತು. ಹಾಗಾಗಿ ಹಣ ಹೊಂದಿಸುತ್ತಿರುವವರು ಪ್ರಕಟಣೆಯ ದಿನವನ್ನೇ ಕೊನೆಯ ದಿನ ಎಂದುಕೊಳ್ಳಿ. ಸಾರ್ವಜನಿಕ ವಲಯದ ಬ್ಯಾಂಕುಗಳ ಹರಾಜುಗಳು ಬ್ಯಾಂಕ್‌ನೆಟ್ ಪೋರ್ಟಲಿನಲ್ಲಿ ಬರುತ್ತವೆ, ಆಗಾಗ ನೋಡುತ್ತಿರಿ.

ಹರಾಜು ಮುಗಿದಿದ್ದರೂ ನಿಯಮ ನೋಡಿ. ಗೆದ್ದವರು ಶೇ. 25ನ್ನು ಅದೇ ದಿನ ಅಥವಾ ಮರು ಕೆಲಸದ ದಿನ ಕಟ್ಟಬೇಕು, ಉಳಿದದ್ದನ್ನು 15 ದಿನದಲ್ಲಿ. ಲಿಖಿತ ಒಪ್ಪಂದದ ಮೇಲೆ ಇದನ್ನು ಗರಿಷ್ಠ 3 ತಿಂಗಳವರೆಗೆ ಮುಂದೂಡಬಹುದು. ಕನಿಷ್ಠ ಬೆಲೆಗಿಂತ ಕಡಿಮೆಗೆ ನಿಮ್ಮ ಒಪ್ಪಿಗೆ ಇಲ್ಲದೆ ಮಾರುವಂತಿಲ್ಲ. ಬಾಕಿ ಮತ್ತು ಖರ್ಚು ಕಳೆದು ಉಳಿದ ಹಣ ನಿಮ್ಮದು, ಲಿಖಿತವಾಗಿ ಕೇಳಿ ಪಡೆಯಿರಿ.

11. ಡಿಆರ್‌ಟಿಯಲ್ಲಿ ಸೋತರೆ, ಅಥವಾ ರಾಜಿಯಾದರೆ

ಮೇಲ್ಮನವಿ ಚೆನ್ನೈನಲ್ಲಿರುವ ಮೇಲ್ಮನವಿ ನ್ಯಾಯಮಂಡಳಿಗೆ, 30 ದಿನದೊಳಗೆ. ಸಾಲಗಾರ ಬಾಕಿಯ ಅರ್ಧದಷ್ಟು ಮೊದಲೇ ಠೇವಣಿ ಇಡಬೇಕು. ಕಾರಣ ತೋರಿಸಿದರೆ ಶೇ. 25ರವರೆಗೆ ಇಳಿಸಬಹುದು, ಅದಕ್ಕಿಂತ ಕೆಳಗಿಲ್ಲ. 32 ಲಕ್ಷ ಬಾಕಿ ಇದ್ದವರಿಗೆ ಕನಿಷ್ಠ 8 ಲಕ್ಷ. ಅಷ್ಟು ಹಣ ಹೊಂದಿಸಬಲ್ಲವರು ಅದನ್ನೇ ಮುಂದಿಟ್ಟು ಓಟಿಎಸ್, ಅಂದರೆ ಒಂದೇ ಸಲಕ್ಕೆ ಇತ್ಯರ್ಥದ ಮಾತುಕತೆ ನಡೆಸುವುದು ಎಷ್ಟೋ ವೇಳೆ ಜಾಣತನ. ಓಟಿಎಸ್ ನಿಮ್ಮ ಹಕ್ಕಲ್ಲ, ಬ್ಯಾಂಕು ಒಪ್ಪಿದರೆ ಉಂಟು. ಒಪ್ಪಿದ್ದು ಶಾಖೆಯ ಬಾಯಿಮಾತಿನಲ್ಲಿ ಬೇಡ, ಮಂಜೂರಾತಿ ಪತ್ರದಲ್ಲಿ ಮೊತ್ತ, ದಿನಾಂಕ, ಪ್ರಕರಣ ಹಿಂಪಡೆಯುವ ಮಾತು ಮೂರೂ ಇರಲಿ.

ಪೂರ್ತಿ ಕಟ್ಟಿದ ಮೇಲೆ ಬ್ಯಾಂಕು 30 ದಿನದೊಳಗೆ ಮೂಲ ಪತ್ರಗಳನ್ನು ಮರಳಿಸಬೇಕು, ತನ್ನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಇದು 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ಆದೇಶ. ಪತ್ರಗಳ ಜೊತೆ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಪಡೆಯಿರಿ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಅಡಮಾನ ನೋಂದಣಿಯಾಗಿದ್ದರೆ ಅದರ ಬಿಡುಗಡೆ ಪತ್ರ ಮಾಡಿಸಿ, ಸರ್ಸಾಯ್‌ನಲ್ಲಿ ಋಣ ತೀರಿದ್ದನ್ನು ದಾಖಲಿಸಲು ಬ್ಯಾಂಕಿಗೆ ಲಿಖಿತವಾಗಿ ಹೇಳಿ. ತಿಂಗಳ ನಂತರ ಹೊಸ ಇಸಿ ತೆಗೆದು ಆ ಅಡಮಾನದ ಕೆಳಗೆ ಬಿಡುಗಡೆಯ ನಮೂದು ಬಂದಿದೆಯೇ ಎಂದು ನೋಡಿಕೊಳ್ಳಿ.